ಬೆಳಿಗ್ಗೆ ಹಚ್ಚುವುದೇ ಬೇರೆ, ರಾತ್ರಿ ಹಚ್ಚುವುದೇ ಬೇರೆ

"ಡಾಕ್ಟ್ರೇ, ಬೆಳಿಗ್ಗೆಗೊಂದು ಕ್ರೀಮು, ರಾತ್ರಿಗೊಂದು ಕ್ರೀಮು ಅಂತ ಬೇರೆ ಬೇರೆ ಇರಲೇಬೇಕಾ? ಇಲ್ಲಾ ಇದೆಲ್ಲ ಎರಡು ಡಬ್ಬಿ ಮಾರೋ ಉಪಾಯವಾ?"

ಜ್ವರ, ಕೆಮ್ಮು, ಬಿ.ಪಿ. ಎಂದು ಬಂದವರು ಚೀಟಿ ಬರೆಸಿಕೊಂಡು ಎದ್ದು ಹೊರಟ ಮೇಲೆ ಬಾಗಿಲ ಬಳಿ ನಿಂತು ಕೇಳುವ ಪ್ರಶ್ನೆಗಳಲ್ಲಿ ಈಗ ಇದೂ ಒಂದು. ಮೊದಲು ಕಾಲೇಜಿನ ಹುಡುಗಿಯರು ಕೇಳುತ್ತಿದ್ದರು. ಈಗ ಅವರ ತಾಯಂದಿರು ಕೇಳುತ್ತಾರೆ, ಅಂಗಡಿಯಲ್ಲಿ ಕೂರುವ ಅಪ್ಪಂದಿರು ಕೇಳುತ್ತಾರೆ, ಆರನೆಯ ತರಗತಿಯ ಮಕ್ಕಳೂ ಕೇಳುತ್ತಾರೆ.

ಎರಡೂ ನಿಜವೆಂದೇ ನನ್ನ ಉತ್ತರ. ಒಂದೇ ಬಗೆಯ ಬಿಳಿ ಮುಲಾಮನ್ನು ಎರಡು ಬಣ್ಣದ ಡಬ್ಬಿಗೆ ತುಂಬಿ ಸೂರ್ಯನ ಚಿತ್ರವಿರುವುದು ಹಗಲಿಗೆ, ಚಂದ್ರನ ಚಿತ್ರವಿರುವುದು ರಾತ್ರಿಗೆ ಎಂದು ಮಾರುವುದು ವ್ಯಾಪಾರ. ಹಾಗೆಂದ ಮಾತ್ರಕ್ಕೆ ಹಗಲಿಗೂ ರಾತ್ರಿಗೂ ವ್ಯತ್ಯಾಸವೇ ಇಲ್ಲವೆಂದಲ್ಲ. ಚರ್ಮದ ಕೆಲವು ಔಷಧಗಳನ್ನು ಹಗಲಲ್ಲಿ ಹಚ್ಚಲೇಬಾರದು. ಹಗಲಲ್ಲಿ ಬೇಕಾದ ಒಂದು ರಕ್ಷಣೆಗೆ ರಾತ್ರಿ ಕೆಲಸವೇ ಇಲ್ಲ. ಇದನ್ನು ಅದಲುಬದಲು ಮಾಡಿಕೊಂಡು, ಕೆಲವು ವಾರಕ್ಕೆಂದು ಕೊಟ್ಟದ್ದನ್ನು ವರ್ಷಗಟ್ಟಲೆ ಹಚ್ಚಿಕೊಂಡು ಮುಖ ಕೆಡಿಸಿಕೊಂಡವರು ನಮ್ಮ ಊರುಗಳಲ್ಲಿ ಒಬ್ಬಿಬ್ಬರಲ್ಲ. ನಾನು ಚರ್ಮರೋಗ ತಜ್ಞನಲ್ಲ, ಎಂ.ಬಿ.ಬಿ.ಎಸ್. ಓದಿದ ಸಾಮಾನ್ಯ ವೈದ್ಯ. ಆದರೆ ಇಂಥವರು ಮೊದಲು ಬರುವುದು ನಮ್ಮಂಥವರ ಬಳಿಗೇ ಆದ್ದರಿಂದ ಈ ವಾರ ಇದನ್ನೇ ಬರೆಯೋಣವೆನ್ನಿಸಿತು.

ಚರ್ಮಕ್ಕೂ ಗಡಿಯಾರವಿದೆ

ಹಸಿವು, ನಿದ್ದೆಗಳಿಗೆ ಒಂದು ಹೊತ್ತು ಇರುವಂತೆ ಚರ್ಮದ ಕೆಲಸಕ್ಕೂ ಹೊತ್ತಿದೆ. ಹೊರಚರ್ಮದ ತಳದಲ್ಲಿ ಹುಟ್ಟಿದ ಜೀವಕೋಶ ನಿಧಾನವಾಗಿ ಮೇಲಕ್ಕೆ ಸರಿದು, ಒಣಗಿ, ಉದುರಿ ಹೋಗಲು ಸುಮಾರು ನಾಲ್ಕು ವಾರ ಬೇಕು. ಹೊಸ ಕೋಶಗಳು ಹುಟ್ಟುವ ಕೆಲಸ ರಾತ್ರಿ ಹೆಚ್ಚು ಚುರುಕಾಗಿರುತ್ತದೆ. ಮುಖದ ಎಣ್ಣೆಗ್ರಂಥಿಗಳು ಮಧ್ಯಾಹ್ನದ ಹೊತ್ತಿಗೆ ಹೆಚ್ಚು ಎಣ್ಣೆ ಸುರಿಸಿ ರಾತ್ರಿ ತಣ್ಣಗಾಗುತ್ತವೆ. ಅದೇ ಚರ್ಮದೊಳಗಿನ ನೀರಿನಂಶ ಆವಿಯಾಗಿ ಹೊರಹೋಗುವುದು ಸಂಜೆ ಮತ್ತು ರಾತ್ರಿಯಲ್ಲೇ ಹೆಚ್ಚು. ಇಸುಬು ಇರುವ ಮಕ್ಕಳು ಹಗಲೆಲ್ಲ ಆಡಿಕೊಂಡಿದ್ದು ರಾತ್ರಿ ಮಲಗಿದ ಮೇಲೆ ಪರಪರ ಕೆರೆದುಕೊಳ್ಳುವುದನ್ನು ನೀವು ನೋಡಿರಬಹುದು. ಅದಕ್ಕೆ ಇದೂ ಒಂದು ಕಾರಣ.

ರಾತ್ರಿ ಚರ್ಮದ ಬೇಲಿ ತುಸು ಸಡಿಲವಾಗಿರುತ್ತದೆ. ಹಚ್ಚಿದ್ದು ಒಳಗೆ ಇಳಿಯುವುದೂ ಸುಲಭ. ಹಗಲಲ್ಲಾದರೋ ಬಿಸಿಲು, ಬೆವರು, ಧೂಳು, ಹೊಗೆಗಳನ್ನು ತಡೆಯುವುದೇ ಅದಕ್ಕೆ ದೊಡ್ಡ ಕೆಲಸ. ಬೆಳಿಗ್ಗೆಯ ಆರೈಕೆ ಈ ತಡೆಯುವ ಕೆಲಸಕ್ಕೆ ಸಹಾಯ ಮಾಡಬೇಕು. ರಾತ್ರಿಯ ಆರೈಕೆ ಕೊಳೆ ತೊಳೆದು ತೇವ ಉಳಿಸಬೇಕು. ಔಷಧವಿದ್ದರೆ ಅದನ್ನು ಆಗ ಹಚ್ಚಬೇಕು.

ತಂಪು ಊರಿನ ಬಿಸಿಲು

ನಮ್ಮವರಲ್ಲಿ ಒಂದು ನಂಬಿಕೆಯಿದೆ: ಸೆಖೆ ಇದ್ದರೆ ಬಿಸಿಲು ಕೆಟ್ಟದ್ದು, ತಂಪಿದ್ದರೆ ಬಿಸಿಲು ಒಳ್ಳೆಯದು. ರಾಯಚೂರು, ಕಲಬುರಗಿಯವರು ಬಿಸಿಲಿಗೆ ಹೆದರಬೇಕು, 'ಬಡವರ ಊಟಿ' ಎನಿಸಿಕೊಂಡ ಹಾಸನದವರಿಗೂ ಬೆಂಗಳೂರಿನವರಿಗೂ ಏನೂ ಭಯವಿಲ್ಲ ಎಂದು. ಮೈಗೆ ಬಿಸಿ ತಾಗಿಸುವುದು ಒಂದು ಕಿರಣ, ಚರ್ಮವನ್ನು ಕಪ್ಪಾಗಿಸುವುದು ಇನ್ನೊಂದು. ಈ ಎರಡನೆಯದು ಕಣ್ಣಿಗೆ ಕಾಣದ ಅತಿನೇರಳೆ ಕಿರಣ. ಗಾಳಿ ತಣ್ಣಗಿದ್ದರೂ ಅದರ ಪಾಡಿಗೆ ಅದು ಇಳಿಯುತ್ತಿರುತ್ತದೆ. ಎತ್ತರಕ್ಕೆ ಹೋದಷ್ಟೂ ಜಾಸ್ತಿಯಾಗುತ್ತದೆ, 1000 ಮೀಟರ್ ಏರಿದರೆ ಸುಮಾರು ನೂರಕ್ಕೆ 10ರಷ್ಟು. ಹಾಸನ, ಚಿಕ್ಕಮಗಳೂರು, ಬೆಂಗಳೂರು ಎಲ್ಲವೂ 900 ಮೀಟರಿನ ಆಸುಪಾಸಿನಲ್ಲೋ ಅದಕ್ಕೂ ಮೇಲೋ ಇವೆ. ಮಾರ್ಚ್‌ನಿಂದ ಮೇ ವರೆಗೆ ನಮ್ಮ ರಾಜ್ಯದಲ್ಲಿ ನಡುಹಗಲಿನ ಅತಿನೇರಳೆ ಸೂಚ್ಯಂಕ 10 ದಾಟುವುದು ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 11 ಮತ್ತು ಅದಕ್ಕಿಂತ ಮೇಲಿನದು ಅತ್ಯಂತ ತೀವ್ರ. ತೆಳು ಮೋಡ ಇದನ್ನು ಅಷ್ಟಾಗಿ ತಡೆಯುವುದಿಲ್ಲ.

ಸೂಚ್ಯಂಕ ನೋಡಲು ಯಂತ್ರ ಬೇಡ. ನೆಲದ ಮೇಲೆ ಬಿದ್ದ ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಬಿಸಿಲು ಜೋರಾಗಿದೆಯೆಂದು ತಿಳಿಯಿರಿ.

ಗಾಜಿನ ಹಿಂದೆ ಕುಳಿತರೂ ಪೂರ್ತಿ ರಕ್ಷಣೆಯಿಲ್ಲ. ಅತಿನೇರಳೆ ಕಿರಣಗಳಲ್ಲಿ ಚರ್ಮ ಸುಡುವ 'ಬಿ' ಬಗೆಯನ್ನು ಕಿಟಕಿಯ ಗಾಜು ಬಹುಮಟ್ಟಿಗೆ ತಡೆದರೂ, ಆಳಕ್ಕಿಳಿದು ಬಣ್ಣಗೆಡಿಸಿ ಸುಕ್ಕು ತರುವ 'ಎ' ಬಗೆಯನ್ನು ಒಳಗೆ ಬಿಡುತ್ತದೆ. 2012ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ 28 ವರ್ಷ ಟ್ರಕ್ ಓಡಿಸಿದ 69 ವಯಸ್ಸಿನ ಚಾಲಕನೊಬ್ಬನ ಮುಖದ ಚಿತ್ರ ಬಂದಿತ್ತು. ಅಲ್ಲಿ ಚಾಲಕರ ಕಿಟಕಿ ಎಡಕ್ಕೆ. ಅವನ ಎಡಗೆನ್ನೆ ಬಲಗೆನ್ನೆಗಿಂತ ಎಷ್ಟೋ ವರ್ಷ ಮುದಿಯಾದಂತೆ ಸುಕ್ಕುಗಟ್ಟಿತ್ತು. ನಮ್ಮಲ್ಲಿ ಕಿಟಕಿ ಬಲಕ್ಕೆ. ಮುಂದಿನ ಸಲ ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕರೆ ಚಾಲಕರ ಎರಡೂ ಮುಂಗೈಗಳ ಬಣ್ಣ ಹೋಲಿಸಿ ನೋಡಿ.

ಇನ್ನೊಂದು ಮಾತು. ಪಾಶ್ಚಾತ್ಯರು ಬಿಸಿಲಿಗೆ ಹೆದರುವುದು ಮುಖ್ಯವಾಗಿ ಚರ್ಮದ ಕ್ಯಾನ್ಸರಿಗೆ. ನಮ್ಮ ಕಂದು ಚರ್ಮದಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯ ನಮ್ಮನ್ನು ಅದರಿಂದ ಬಹಳಷ್ಟು ಕಾಪಾಡುತ್ತದೆ. ನಮ್ಮ ತೊಂದರೆ ಬೇರೆ: ಕೆನ್ನೆಯ ಮೇಲೆ ಹರಡುವ ಬಂಗು, ಮೊಡವೆ ಒಣಗಿದ ಮೇಲೆ ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ. ಬಸುರಿನಲ್ಲಿ, ಗರ್ಭನಿರೋಧಕ ಮಾತ್ರೆ ನುಂಗುವಾಗ, ಕೆಲವು ಮನೆತನಗಳಲ್ಲಿ ಬಂಗು ಹೆಚ್ಚು. ಇಂಥವರು ಬೆಳಿಗ್ಗೆ ಬಿಸಿಲಿಗೆ ಏನೂ ಹಚ್ಚದೆ ರಾತ್ರಿ ಎಷ್ಟೇ ದುಬಾರಿ ಮುಲಾಮು ತಿಕ್ಕಿದರೂ, ರಾತ್ರಿ ಮಾಡಿದ್ದನ್ನು ಹಗಲು ಅಳಿಸಿಹಾಕುತ್ತದೆ.

ಆದ್ದರಿಂದ ಬೆಳಗಿನ ಡಬ್ಬಿಗಳಲ್ಲಿ ದುಡ್ಡು ಕೊಟ್ಟು ಕೊಳ್ಳಲು ಯೋಗ್ಯವಾದದ್ದು ಸನ್‌ಸ್ಕ್ರೀನ್ ಒಂದೇ ಎಂದು ನನ್ನ ಅಭಿಪ್ರಾಯ. ಡಬ್ಬಿಯ ಮೇಲೆ ಎಸ್.ಪಿ.ಎಫ್. 30 ಎಂದಿದ್ದರೆ ಸಾಕು. 30 ಎಂಬುದು 'ಬಿ' ಕಿರಣದಲ್ಲಿ ನೂರಕ್ಕೆ ಸುಮಾರು 97 ಪಾಲನ್ನು ತಡೆದರೆ, 50 ಎಂಬುದು 98ನ್ನು ತಡೆಯುತ್ತದೆ. ಆ ಒಂದು ಪಾಲಿಗೆ ದುಪ್ಪಟ್ಟು ಬೆಲೆ ಕೊಡಬೇಕೆ ಎಂದು ನೀವೇ ಯೋಚಿಸಿ. 'ಎ' ಕಿರಣವನ್ನೂ ತಡೆಯುತ್ತದೆಯೇ ಎಂಬುದಕ್ಕೆ ಪಿ.ಎ. ಎಂಬ ಅಕ್ಷರಗಳ ಮುಂದೆ ಕೂಡಿಸುವ ಚಿಹ್ನೆಗಳಿರುತ್ತವೆ, ಮೂರಾದರೂ ಇರಲಿ. ಬಂಗು ಇರುವವರಿಗೆ ಮೈಬಣ್ಣ ಬೆರೆಸಿದ ಸನ್‌ಸ್ಕ್ರೀನ್ ಉತ್ತಮ. ಅದರಲ್ಲಿರುವ ಕಬ್ಬಿಣದ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ, ಬಂಗನ್ನು ಕೆರಳಿಸುವುದರಲ್ಲಿ ಆ ಬೆಳಕಿನ ಪಾಲೂ ಇದೆ.

ಬಹಳ ಜನ ತಪ್ಪುವುದು ಅಳತೆಯಲ್ಲಿ. ಕಡಲೆಕಾಳಿನಷ್ಟು ತೆಗೆದು ಮುಖಕ್ಕೆಲ್ಲ ಸವರಿದರೆ 30 ಎಂಬುದು ಹೆಸರಿಗೆ ಮಾತ್ರ. ತೋರುಬೆರಳು, ನಡುಬೆರಳುಗಳ ಉದ್ದಕ್ಕೆ ಒಂದೊಂದು ಗೆರೆ ಹಾಕಿದರೆ ಬರುವಷ್ಟು ಮುಖಕ್ಕೂ ಕುತ್ತಿಗೆಗೂ ಬೇಕು. ಮನೆಯಿಂದ ಹೊರಡುವ ಕಾಲು ಗಂಟೆ ಮೊದಲು ಹಚ್ಚಿ. ಬಿಸಿಲಲ್ಲೇ ಕೆಲಸವಿದ್ದರೆ ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಹೀಗೆ ಹಚ್ಚಿದರೆ ಒಂದು ಟ್ಯೂಬು ತಿಂಗಳೂ ಬರುವುದಿಲ್ಲ, ಖರ್ಚಿನ ಬಾಬತ್ತೇ ಸರಿ. ರಾಗಿ ಕೊಯ್ಯುವ, ಇಟ್ಟಿಗೆ ಹೊರುವ ಹೆಣ್ಣುಮಗಳಿಗೆ ಇದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ. ಅವರಿಗೆ ತಲೆಯ ಮೇಲಿನ ಸೆರಗು, ಅಗಲ ಅಂಚಿನ ಟೋಪಿ, ತುಂಬುತೋಳಿನ ಅಂಗಿ. ಇವೇನೂ ಕಡಿಮೆ ರಕ್ಷಣೆಯಲ್ಲ, ಬೆವರಿಗೆ ತೊಳೆದೂ ಹೋಗುವುದಿಲ್ಲ. ಮಳೆಗಾಲ ಮುಗಿದೊಡನೆ ನಾವೆಲ್ಲ ಕೊಡೆಯನ್ನು ಅಟ್ಟಕ್ಕೆ ಹಾಕುತ್ತೇವೆ. ಫೆಬ್ರುವರಿಯಲ್ಲಿ ಅದನ್ನು ಇಳಿಸಿಕೊಳ್ಳುವುದು ವಾಸಿ.

ಸನ್‌ಸ್ಕ್ರೀನ್ ಹಚ್ಚಿದರೆ ವಿಟಮಿನ್ 'ಡಿ' ಕೊರತೆಯಾಗದೇ ಎಂದು ತಿಳಿದವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಆ ವಿಟಮಿನ್ನಿಗೆ ಬೇಕಾದದ್ದು 'ಬಿ' ಕಿರಣ, ಅದು ಮುಂಜಾನೆಯ ಎಳೆಬಿಸಿಲಿನಲ್ಲಿ ಬಲು ಕಡಿಮೆ. ಏಳು ಗಂಟೆಯ ವಾಕಿಂಗ್ ಹೃದಯಕ್ಕೆ ಒಳ್ಳೆಯದು, 'ಡಿ'ಗೆ ಅಷ್ಟೇನೂ ಅಲ್ಲ. ಮುಖವನ್ನು ಮರೆಮಾಡಿ ಕೈಕಾಲುಗಳಿಗೆ ಸ್ವಲ್ಪ ಹೊತ್ತು ಏರುಬಿಸಿಲು ತಾಗಿಸಿಕೊಂಡರೆ ಎರಡೂ ಸಾಧಿಸುತ್ತದೆ.

ಬೆಳಿಗ್ಗೆ ಮಾಡಬಾರದ ಕೆಲಸವೊಂದಿದೆ: ಮುಖಕ್ಕೆ ನಿಂಬೆಹಣ್ಣು ಉಜ್ಜುವುದು. ನಿಂಬೆಯಲ್ಲಿ, ವಿಶೇಷವಾಗಿ ಅದರ ಸಿಪ್ಪೆಯಲ್ಲಿ, ಸೋರಲೆನ್ ಜಾತಿಯ ರಾಸಾಯನಿಕಗಳಿವೆ. ಅವು ಚರ್ಮಕ್ಕಂಟಿದ ಮೇಲೆ ಬಿಸಿಲು ಬಿದ್ದರೆ ಸುಟ್ಟಂತಾಗಿ, ಗುಳ್ಳೆಯೆದ್ದು, ಕೊನೆಗೆ ಕಪ್ಪು ಮಚ್ಚೆ ಉಳಿಯುತ್ತದೆ. ತೊನ್ನಿಗೆ ಬಾವಂಚಿ ಬೀಜ ಅರೆದು ಹಚ್ಚಿ ಬಿಸಿಲಿಗೆ ಕೂರಿಸುತ್ತಿದ್ದ ನಾಟಿ ಚಿಕಿತ್ಸೆ ನಿಮಗೆ ಗೊತ್ತಿರಬಹುದು. ಅಲ್ಲಿ ಬಿಳಿ ಚರ್ಮಕ್ಕೆ ಬಣ್ಣ ಬರಿಸಲು ಬಳಸುವುದೂ ಇದೇ ಗುಣವನ್ನು. ಬೆಳ್ಳಗಾಗಲೆಂದು ನಿಂಬೆ ಉಜ್ಜಿಕೊಂಡು ಕಾಲೇಜಿನ ಬಸ್ಸಿಗೆ ಕಾಯುವ ಹುಡುಗಿ ಮಾಡುತ್ತಿರುವುದು ಇದನ್ನೇ!

ರಾತ್ರಿಯ ಕೆಲಸ ತೊಳೆಯುವುದರಿಂದ ಶುರು

ರಾತ್ರಿಗೆ ಬರೋಣ. ಇಲ್ಲಿ ಮೊದಲ ಔಷಧ ನೀರು. ದಿನದ ಧೂಳು, ಬೆವರು, ಪೌಡರು, ಕಾಡಿಗೆ, ಹಚ್ಚಿದ ಸನ್‌ಸ್ಕ್ರೀನ್ ಎಲ್ಲವನ್ನೂ ತೊಳೆದು ಮಲಗಬೇಕು. ಸೋಪಿನ ಬಗ್ಗೆ ಎರಡು ಮಾತು. ನಮ್ಮ ಚರ್ಮದ ಮೇಲ್ಮೈ ತುಸು ಆಮ್ಲೀಯ. ಸಾಮಾನ್ಯ ಸೋಪಿನ ಬಿಲ್ಲೆ ಕ್ಷಾರೀಯ. ದಿನಕ್ಕೆ ನಾಲ್ಕು ಸಲ ಸೋಪು ಹಾಕಿ ತಿಕ್ಕಿದರೆ ಮೊಡವೆ ಹೋಗುತ್ತದೆಂಬುದು ಸುಳ್ಳು, ಚರ್ಮ ಒಣಗಿ ಉರಿಯುತ್ತದೆ ಅಷ್ಟೆ. ರಾತ್ರಿ ಒಮ್ಮೆ ಸೌಮ್ಯವಾದ ಸೋಪು ಸಾಕು, ಬೆಳಿಗ್ಗೆ ಒಣಚರ್ಮದವರಿಗೆ ಬರೀ ನೀರು ಸಾಕು. ಎಣ್ಣೆಮುಖದ ಹುಡುಗ ಹುಡುಗಿಯರು ಬೇಕಾದರೆ ಎರಡು ಹೊತ್ತೂ ಹಾಕಲಿ. ತೊಳೆಯುವುದನ್ನು ಮಲಗುವ ಹೊತ್ತಿಗೆ ಇಟ್ಟುಕೊಂಡರೆ ನಿದ್ದೆಗಣ್ಣಲ್ಲಿ ತಪ್ಪಿಹೋಗುತ್ತದೆ. ಮನೆಗೆ ಬಂದು ಕೈಕಾಲು ತೊಳೆಯುವಾಗಲೇ ಮುಖವನ್ನೂ ತೊಳೆದುಬಿಡಿ.

ಅಂಟಿಸುವ ಬಿಂದಿಯನ್ನು ರಾತ್ರಿ ತೆಗೆದಿಡಿ. ಕೆಲವು ಬಿಂದಿಗಳ ಅಂಟಿನಲ್ಲಿರುವ ರಾಸಾಯನಿಕ ಬಣ್ಣದ ಕೋಶಗಳನ್ನೇ ಕೊಂದು ಹಣೆಯ ಮೇಲೆ ಬಿಳಿ ಮಚ್ಚೆ ಮೂಡಿಸುತ್ತದೆ. ತೊನ್ನೆಂದು ಹೆದರಿ ಓಡಿಬರುವವರಲ್ಲಿ ಒಮ್ಮೊಮ್ಮೆ ಕಾರಣ ಇದೇ ಆಗಿರುತ್ತದೆ. ತಲೆಗೆ ಎಣ್ಣೆ ಹಚ್ಚಿಯೇ ಮಲಗುವ ಅಭ್ಯಾಸವಿದ್ದು ಹಣೆಯ ಮೇಲಂಚಿನಲ್ಲಿ ಸಾಲಾಗಿ ಸಣ್ಣ ಮೊಡವೆ ಏಳುತ್ತಿದ್ದರೆ, ಎಣ್ಣೆಯನ್ನು ಸ್ನಾನದ ದಿನ ಬೆಳಿಗ್ಗೆಗೆ ಬದಲಾಯಿಸಿ ನೋಡಿ. ಕೊಬ್ಬರಿ ಎಣ್ಣೆ ಕೆಟ್ಟದ್ದೆಂದು ಹೇಳುತ್ತಿಲ್ಲ. ಬಯಲುಸೀಮೆಯ ಡಿಸೆಂಬರ್ ಚಳಿಯಲ್ಲಿ ಬಿರಿದ ಕಾಲಿಗೆ, ಮೊಣಕೈಗೆ, ಮಕ್ಕಳ ಒಣಮೈಗೆ, ಇನ್ನೂ ಒದ್ದೆಯಿರುವಾಗಲೇ ಹಚ್ಚಿದರೆ ಅದಕ್ಕಿಂತ ಅಗ್ಗವಾದ ಒಳ್ಳೆಯ ಲೇಪನ ಸಿಗುವುದು ಕಷ್ಟ. ಮೊಡವೆಯ ಮುಖಕ್ಕೆ ಮಾತ್ರ ಬೇಡ. ಚರ್ಮದ ತೇವ ಹೆಚ್ಚು ಆರುವುದು ರಾತ್ರಿಯಾದ್ದರಿಂದ ಒಣಚರ್ಮದವರು ಒಂದೇ ಹೊತ್ತು ಹಚ್ಚುವುದಾದರೆ ರಾತ್ರಿ ಹಚ್ಚಲಿ.

ಇನ್ನು ಔಷಧಗಳು. ಮೊಡವೆಗೆ, ಕಲೆಗೆ ಕೊಡುವ ಟ್ರೆಟಿನಾಯಿನ್, ಈಗ ಸೀರಮ್ಮುಗಳಲ್ಲಿ ಸೇರಿಸುವ ಅದರ ತಂಗಿ ರೆಟಿನಾಲ್, ಎರಡೂ ರಾತ್ರಿಯವು. ಬೆಳಕಿಗೆ ಒಡೆದು ಸತ್ವ ಕಳೆದುಕೊಳ್ಳುತ್ತವೆ. ಸಾಲದ್ದಕ್ಕೆ ಚರ್ಮದ ಮೇಲ್ಪದರವನ್ನು ತೆಳ್ಳಗೆ ಮಾಡಿ ಬಿಸಿಲಿಗೆ ಬೇಗ ಸುಡುವಂತೆ ಮಾಡುತ್ತವೆ. ಬಟಾಣಿ ಕಾಳಿನಷ್ಟು, ಒಣಗಿದ ಮುಖಕ್ಕೆ, ಮೊದಮೊದಲು ವಾರಕ್ಕೆ ಎರಡು ಮೂರು ರಾತ್ರಿ ಮಾತ್ರ. ಬಸುರಿಯರಿಗೆ, ಮಗು ಬೇಕೆಂದು ಯೋಚಿಸುತ್ತಿರುವವರಿಗೆ ಇವು ಬೇಡ. ಹಣ್ಣಿನ ಆಮ್ಲಗಳೆಂದು ಮಾರುವ ಗ್ಲೈಕೋಲಿಕ್ ಆಮ್ಲವೂ ರಾತ್ರಿಯದೇ. ಯಾವುದೇ ಮುಲಾಮನ್ನು ಹಚ್ಚಿದೊಡನೆ ದಿಂಬಿಗೆ ಕೆನ್ನೆ ಒತ್ತಿದರೆ ಔಷಧ ದಿಂಬಿಗಾಗುತ್ತದೆ, ಪಕ್ಕದಲ್ಲಿ ಮಲಗಿಸಿಕೊಂಡ ಮಗುವಿನ ಕೆನ್ನೆಗೂ ಆಗುತ್ತದೆ. ಅರ್ಧ ಗಂಟೆ ಮೊದಲೇ ಹಚ್ಚಿ.

ಬೆಳಿಗ್ಗೆ ಹಚ್ಚುವ ವಿಟಮಿನ್ 'ಸಿ' ಸೀರಮ್ಮಿಗೆ ಒಂದಿಷ್ಟು ಆಧಾರವಿದೆ, ಇಲ್ಲವೆನ್ನಲಾರೆ. ಆದರೆ ಆ ದುಡ್ಡಿನಲ್ಲಿ ಸನ್‌ಸ್ಕ್ರೀನನ್ನು ಸರಿಯಾದ ಅಳತೆಯಲ್ಲಿ ಹಚ್ಚಬಹುದು. ಹತ್ತು ಹನ್ನೆರಡು ವರ್ಷದ ಮಕ್ಕಳಿಗಂತೂ ಈ ಸೀರಮ್ಮು, ಆಮ್ಲ, ರೆಟಿನಾಲ್ ಯಾವುದೂ ಬೇಡವೇ ಬೇಡ. ಅವರ ಚರ್ಮದಲ್ಲಿ ಸರಿಪಡಿಸಲು ಏನೂ ಇರುವುದಿಲ್ಲ. ಉರಿ, ಕೆಂಪು, ಅಲರ್ಜಿಯನ್ನು ನಾವು ಹಣ ಕೊಟ್ಟು ತಂದಂತಾಗುತ್ತದೆ.

ಆ ಟ್ಯೂಬಿನ ವಿಷಯ

ಇಷ್ಟು ಪೀಠಿಕೆಯ ನಂತರ ನಾನು ಹೇಳಬೇಕೆಂದಿದ್ದ ಮುಖ್ಯ ವಿಷಯಕ್ಕೆ ಬರುತ್ತೇನೆ.

ಕತೆ ಸಾಮಾನ್ಯವಾಗಿ ಹೀಗಿರುತ್ತದೆ. ಹುಡುಗಿಗೆ ಮದುವೆ ಮಾತುಕತೆ ನಡೆಯುತ್ತಿದೆ. ನೋಡಲು ಬಂದವರಲ್ಲಿ ಯಾರೋ "ಸ್ವಲ್ಪ ಬಣ್ಣ ಕಮ್ಮಿ" ಎಂದಿರುತ್ತಾರೆ. ಪಕ್ಕದ ಮನೆಯಾಕೆ ಒಂದು ಟ್ಯೂಬಿನ ಹೆಸರು ಹೇಳುತ್ತಾರೆ. ಮೆಡಿಕಲ್ ಷಾಪಿನವರು ಕೇಳಿದೊಡನೆ ಕೊಡುತ್ತಾರೆ. ಹದಿನೈದು ದಿನದಲ್ಲಿ ಮುಖ ಬೆಳ್ಳಗಾಗುತ್ತದೆ, ಮೊಡವೆ ಮಾಯ. ಮನೆಯವರಿಗೆಲ್ಲ ಸಂತೋಷ. ರಾತ್ರಿ ಹಚ್ಚುತ್ತಿದ್ದುದನ್ನು ಬೆಳಿಗ್ಗೆಯೂ ಹಚ್ಚಲು ಶುರುಮಾಡುತ್ತಾಳೆ. ಮದುವೆಯಾಗುತ್ತದೆ, ಟ್ಯೂಬು ನಿಲ್ಲುವುದಿಲ್ಲ. ವರ್ಷ ಕಳೆಯುವುದರೊಳಗೆ ಕೆನ್ನೆಯ ಮೇಲೆ ಕೆಂಪು ನರಗಳ ಬಲೆ ಕಾಣುತ್ತದೆ, ಗದ್ದದಲ್ಲಿ ಕೂದಲು ಚಿಗುರುತ್ತದೆ, ಒಲೆಯ ಮುಂದೆ ನಿಂತರೆ ಮುಖವೆಲ್ಲ ಉರಿ. ಹೆದರಿ ಬಿಟ್ಟರೆ ಕೆಲವೇ ದಿನದಲ್ಲಿ ಮುಖ ಕೆಂಡವಾಗಿ ಊದಿ ಗುಳ್ಳೆಯೇಳುತ್ತದೆ. ಮತ್ತೆ ಹಚ್ಚಿದರೆ ತಣ್ಣಗಾಗುತ್ತದೆ. "ಅದು ನನಗೆ ಹಿಡಿಸುತ್ತೆ ಡಾಕ್ಟ್ರೇ, ಬಿಟ್ರೇನೇ ತೊಂದರೆ" ಎನ್ನುತ್ತಾಳೆ. ಹೆಂಡ ಬಿಡಲಾರದವನೂ ಹೀಗೇ ಹೇಳುವುದು.

ಆ ಟ್ಯೂಬಿನಲ್ಲಿ ಮೂರು ಔಷಧಗಳಿರುತ್ತವೆ: ಬಣ್ಣ ತಗ್ಗಿಸುವ ಹೈಡ್ರೋಕ್ವಿನೋನ್, ಮೇಲ್ಪದರ ಸುಲಿಯುವ ಟ್ರೆಟಿನಾಯಿನ್, ಉರಿಯೂತ ಅಡಗಿಸುವ ಒಂದು ಸ್ಟೀರಾಯ್ಡ್. ಈ ಮೂರರ ಜೋಡಣೆಯನ್ನು 1975ರಲ್ಲಿ ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಅವರ ಸಹೋದ್ಯೋಗಿ ಪ್ರಕಟಿಸಿದರು. ಔಷಧವಾಗಿ ಅದು ಒಳ್ಳೆಯದೇ. ಅಮೆರಿಕದಲ್ಲಿ 2002ರಲ್ಲಿ ಇಂಥದೊಂದು ಮಿಶ್ರಣಕ್ಕೆ ಅನುಮತಿ ಸಿಕ್ಕಾಗ ಹಾಕಿದ ಷರತ್ತುಗಳನ್ನು ನೋಡಿ: ಬಂಗಿಗೆ ಮಾತ್ರ, ದಿನಕ್ಕೊಮ್ಮೆ, ರಾತ್ರಿ, ಮಲಗುವ ಅರ್ಧ ಗಂಟೆ ಮೊದಲು, ಹಗಲಲ್ಲಿ ಕಡ್ಡಾಯವಾಗಿ ಸನ್‌ಸ್ಕ್ರೀನ್, ಒಟ್ಟು 8 ವಾರದವರೆಗೆ. ಅಲ್ಲಿ ಬಳಸಿದ್ದು ದುರ್ಬಲ ಜಾತಿಯ ಸ್ಟೀರಾಯ್ಡ್. ನಮ್ಮಲ್ಲಿ ಮಾರುವ ಟ್ಯೂಬುಗಳಲ್ಲಿ ಸಾಮಾನ್ಯವಾಗಿ ಇರುವುದು ಅದಕ್ಕಿಂತ ಬಲವಾದ ಮೊಮೆಟಾಸೋನ್. ನಮ್ಮವರು ಹಚ್ಚುವುದು ಎರಡು ಹೊತ್ತು, ಸನ್‌ಸ್ಕ್ರೀನ್ ಇಲ್ಲದೆ, ವರ್ಷಗಟ್ಟಲೆ. ರಾತ್ರಿಯ ಔಷಧವನ್ನು ಹಗಲಿಗೆ ತರುವುದೆಂದರೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಸ್ಟೀರಾಯ್ಡ್ ರಕ್ತನಾಳಗಳನ್ನು ಬಿಗಿಸುವುದರಿಂದ ಮುಖ ಬಿಳಚಿಕೊಳ್ಳುತ್ತದೆ. ಅದನ್ನೇ ನಾವು ಕಾಂತಿಯೆನ್ನುತ್ತೇವೆ. ತಿಂಗಳುಗಳು ಉರುಳಿದಂತೆ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳುವಾಗುತ್ತದೆ. ಮುಖದ ಚರ್ಮ ಮೊದಲೇ ತೆಳು, ರಾತ್ರಿ ಒಳಗಿಳಿಯುವುದೂ ಹೆಚ್ಚು. ತೆಳುವಾದ ಆ ಚರ್ಮದ ಮೇಲೆ ನಡುಹಗಲ ಬಿಸಿಲು ಬಿದ್ದರೆ ಬಂಗು ಮೊದಲಿಗಿಂತ ದಟ್ಟವಾಗಿ ತಿರುಗಿ ಬರುತ್ತದೆ.

ಇದು ನಾಲ್ಕಾರು ಹುಡುಗಿಯರ ಕತೆಯಲ್ಲ. ದೇಶದ 12 ಚರ್ಮರೋಗ ಕೇಂದ್ರಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮುಖದ ಚರ್ಮದ ತೊಂದರೆಗೆಂದು ಬಂದ 2926 ಮಂದಿಯಲ್ಲಿ 433 ಮಂದಿ ಸ್ಟೀರಾಯ್ಡ್ ಲೇಪನ ಹಚ್ಚುತ್ತಿದ್ದರು. ಅವರಲ್ಲಿ 126 ಮಂದಿ ಅದನ್ನು ಬಿಳುಪಿನ ಕ್ರೀಮಾಗಿ, ದಿನಬಳಕೆಯ ಕ್ರೀಮಾಗಿ ಅಥವಾ ಗಡ್ಡ ಬೋಳಿಸಿದ ಮೇಲೆ ಹಚ್ಚುವ ಲೇಪನವಾಗಿ ಬಳಸುತ್ತಿದ್ದರು. ಗಂಡಸರು ಹಿಂದೆ ಬಿದ್ದಿಲ್ಲವೆಂಬುದನ್ನು ಗಮನಿಸಿ. ಅರ್ಧಕ್ಕಿಂತ ಹೆಚ್ಚಿನವರಿಗೆ ಸಲಹೆ ಕೊಟ್ಟವರು ವೈದ್ಯರಲ್ಲ. ವೈದ್ಯರು ಬರೆದುಕೊಟ್ಟ 176 ಚೀಟಿಗಳಲ್ಲಿ 78 ಚರ್ಮತಜ್ಞರಲ್ಲದ ವೈದ್ಯರವು, ಅಂದರೆ ನಮ್ಮಂಥವರವು. ಷಾಪಿನವರನ್ನಷ್ಟೇ ಬೈದು ನಮ್ಮ ವೃತ್ತಿಯವರು ಕೈತೊಳೆದುಕೊಳ್ಳುವಂತಿಲ್ಲ.

2018ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 14 ಬಗೆಯ ಸ್ಟೀರಾಯ್ಡ್ ಲೇಪನಗಳನ್ನು 'ಎಚ್' ಪಟ್ಟಿಗೆ ಸೇರಿಸಿತು. ಎಂದರೆ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಕಾನೂನು ಬಂತು, ಕೌಂಟರಿನ ಮೇಲೆ ಟ್ಯೂಬು ಸರಿಯುವುದೇನೂ ನಿಲ್ಲಲಿಲ್ಲ. ಹೀಗಾಗಿ ಕಾವಲು ಮನೆಯಲ್ಲೇ ಇರಬೇಕಾಗಿದೆ. ಇವತ್ತು ಸಂಜೆ ನಿಮ್ಮ ಮನೆಯ ಕನ್ನಡಿ ಹಲಗೆಯ ಮೇಲಿರುವ ಟ್ಯೂಬುಗಳನ್ನು ತೆಗೆದು, ಕನ್ನಡಕ ಹಾಕಿಕೊಂಡು ಸಣ್ಣ ಅಕ್ಷರ ಓದಿ. ಔಷಧದ ಹೆಸರು 'ಸೋನ್' ಎಂದು ಮುಗಿಯುತ್ತಿದ್ದರೆ, ಉದಾಹರಣೆಗೆ ಬೀಟಾಮೆಥಾಸೋನ್, ಮೊಮೆಟಾಸೋನ್, ಫ್ಲುಟಿಕಾಸೋನ್, ಅದು ಸ್ಟೀರಾಯ್ಡ್. ಕ್ಲೋಬೆಟಸಾಲ್ ಎಂದಿದ್ದರೆ ಅತ್ಯಂತ ಬಲವಾದ ಸ್ಟೀರಾಯ್ಡ್, ಮುಖದ ಹತ್ತಿರವೂ ಸುಳಿಯಬಾರದು. ಹುಳುಕಡ್ಡಿಗೆಂದು ಕೊಳ್ಳುವ 'ಎಲ್ಲದಕ್ಕೂ ಒಂದೇ' ಮುಲಾಮುಗಳಲ್ಲೂ ಇವೇ ಅಡಗಿರುತ್ತವೆ. ತುರಿಕೆ ನಿಲ್ಲುತ್ತದೆ, ಹುಳುಕಡ್ಡಿ ಹಬ್ಬುತ್ತದೆ.

ಏನೂ ಬರೆಯದೆ, ತಯಾರಿಸಿದವರ ವಿಳಾಸವೂ ಇಲ್ಲದೆ ಬರುವ ಬಿಳುಪಿನ ಡಬ್ಬಿಗಳ ಭಯ ಇನ್ನೂ ದೊಡ್ಡದು. ಅವುಗಳಲ್ಲಿ ಪಾದರಸವಿರಬಹುದು. ಕೇರಳದ ಕೊಟ್ಟಕ್ಕಲ್‌ನಲ್ಲಿ 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಒಂದು ಬಗೆಯ ಮೂತ್ರಪಿಂಡದ ಕಾಯಿಲೆಯ 22 ರೋಗಿಗಳನ್ನು ವೈದ್ಯರು ಪರೀಕ್ಷಿಸಿದರು. ಅವರಲ್ಲಿ 15 ಮಂದಿಯಲ್ಲಿ ಕಾಯಿಲೆಯ ಅಪರೂಪದ ರೂಪವೊಂದು ಕಂಡಿತು. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದವರು. ಮುಖಕ್ಕೆ ಹಚ್ಚಿದ್ದು ಮೂತ್ರಪಿಂಡ ತಲುಪಿತ್ತು.

ಈಗಾಗಲೇ ಇಂಥ ಟ್ಯೂಬಿಗೆ ಸಿಕ್ಕಿಕೊಂಡಿರುವವರು ಇದನ್ನು ಓದಿ ಗಾಬರಿಯಾಗಬೇಡಿ, ನಾಚಿಕೊಳ್ಳಲೂ ಬೇಡಿ. ಒಂದು ದಿನ ಸಿಟ್ಟಿನಿಂದ ಎಸೆದು, ಮುಖ ಉರಿದಾಗ ಮರುದಿನ ಹೊಸದು ತರುವುದರಿಂದ ಪ್ರಯೋಜನವಿಲ್ಲ. ಚರ್ಮರೋಗ ತಜ್ಞರ ಬಳಿ ಹೋಗಿ. ಜಿಲ್ಲಾ ಆಸ್ಪತ್ರೆಗಳಲ್ಲಿ, ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಚರ್ಮ ವಿಭಾಗವಿದೆ, ಖರ್ಚು ಹೆಚ್ಚಿಲ್ಲ. ಟ್ಯೂಬನ್ನು ಹೇಗೆ ಬಿಡಿಸಬೇಕು, ಅದರ ಜಾಗದಲ್ಲಿ ಏನು ಹಚ್ಚಬೇಕು ಎಂಬುದನ್ನು ಅವರು ಹೇಳುತ್ತಾರೆ. ಬಿಟ್ಟ ಮೇಲೆ ಉರಿ, ಕೆಂಪು ಹಲವು ವಾರ, ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ. ಆ ದಿನಗಳಲ್ಲಿ ಬೆಳಿಗ್ಗೆ ಕೊಡೆ ಮತ್ತು ಸನ್‌ಸ್ಕ್ರೀನ್, ರಾತ್ರಿ ತಣ್ಣೀರು ಮತ್ತು ವಾಸನೆ ಬೆರೆಸದ ಸಾದಾ ಮಾಯಿಶ್ಚರೈಸರ್ ಬಿಟ್ಟು ಬೇರೇನೂ ಬೇಡ. ಮನೆಯವರು "ಏನಮ್ಮಾ, ಮುಖ ಹೀಗಾಯ್ತು" ಎಂದು ದಿನಕ್ಕೆ ಹತ್ತು ಸಲ ಕೇಳದಿದ್ದರೆ ಅದೂ ಒಂದು ಚಿಕಿತ್ಸೆಯೇ.

ವೈದ್ಯರಲ್ಲಿಗೆ ಹೋಗುವಾಗ ಟ್ಯೂಬನ್ನು ಜೊತೆಗೆ ಒಯ್ಯಿರಿ. "ಬಿಳಿ ಡಬ್ಬಿ, ಹಸಿರು ಗೆರೆ" ಎಂದರೆ ಯಾವುದೆಂದು ಯಾರಿಗೂ ತಿಳಿಯುವುದಿಲ್ಲ. ಹಿಂಡಿ ಹಿಂಡಿ ಖಾಲಿಯಾಗಿದ್ದರೂ ಪರವಾಗಿಲ್ಲ, ಹೆಸರು ಓದಲು ಬಂದರೆ ಸಾಕು.